ಸಹಾಯ ಬೇಕ್ರಿ: ಕೈಗೆ ಎಣ್ಣಿ ಹತ್ತಲಾರದ ತಿಂಡಿ

ಬರೂ ರವಿವಾರ ಧಾರವಾಡದ ಮನ್ಯಾಗ ಅಪ್ಪಾರ ರಿಟೈರ್ಮೆಂಟ್ ಫಂಕ್ಷನ್ ಐತ್ರಿ, 40 ಮಂದಿ, ಮಾಳಗಿ ಮ್ಯಾಲ ನಿಂತ್ಕೊಂಡ ತಿನ್ನೂದು. ಹೋದ ಸಲ ಗಿರ್ಮಿಟ್ ಮಾಡಿದ್ದೆ, ಎಲ್ಲಾರೂ ಬರೂದ್ರಾಗ ಚುರುಮುರಿ ಮೆತ್ತಗಾಗಿ ಮುದ್ದಿ ಆತು, ಮ್ಯಾಲ ಮಿರ್ಚಿ ಎಣ್ಣಿ ಅತ್ಯಾರ ಇಳಕಲ್ ಸೀರಿ ಸೆರಗಿಗೆ ಹತ್ತಿ, ಆ ಮಾತು ಇನ್ನೂ ಮುಗದಿಲ್ಲ ಬಿಡ್ರಿ. ಈ ಸಲ ಜ್ವಾಳದ ರೊಟ್ಟಿ ತೆಳ್ಳಗ ಬಡದು ಒಳಗ ಜುಣಕ, ಶೇಂಗಾ ಚಟ್ನಿ ಹಚ್ಚಿ ಸುತ್ತಿ, ಎರಡ ತುತ್ತಿನಷ್ಟು ಕಟ್ ಮಾಡಿ ಟೂತ್‌ಪಿಕ್ ಚುಚ್ಚೂಣಂತ ಮಾಡೇನಿ. ನಿನ್ನೆ ಟ್ರಾಯಲ್ ನೋಡಿದೆ, ಕುದಿಯೂ ನೀರಾಗ ಹಿಟ್ಟು ನಾದಿದ್ರೂ ಆರಿದ ಮ್ಯಾಲ ಸುತ್ತೂ ಮುಂದ ಸೀಳತಾವು, ಜ್ವಾಳದಾಗ ಗೋಧಿಯಂಗ ಜಿಗಿ ಇರಂಗಿಲ್ಲಲ್ರಿ. ಸ್ವಲ್ಪ ಗೋಧಿ ಹಿಟ್ಟು ಕೂಡಿಸ್ಲ್ಯೋ, ಬಿಸಿ ಇದ್ದಾಗನ ಸುತ್ತಿ ಹಸಿ ಅರಬಿ ಮುಚ್ಚಿಡ್ಲ್ಯೋ? ತಲಿಗೆ ಎಷ್ಟು ತುಂಡು ಹಿಡೀಬೇಕು? ಮಾಡಿದವ್ರು ಹೇಳ್ರೆಪಾ. ಸಿಹಿಗೆ ಪೇಢಾ ಐತಿ, ಅದರ ಚಿಂತಿಲ್ಲ.