ಕಾರ್ಯಕ್ರಮಕ್ಕೆ ಎರಡನೆಯ ವಾದ್ಯವನ್ನೂ ಒಯ್ಯಬೇಕೇ?

ಪ್ರಶ್ನೆ

ನಾನು ನಾಲ್ವರ ತಂಡವೊಂದರಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಕಳೆದ ಕಾರ್ಯಕ್ರಮದಲ್ಲಿ ಮೂರನೆಯ ಹಾಡಿನ ನಡುವೆ ಮೊದಲ ತಂತಿ ಕಡಿದುಹೋಯಿತು. ನನ್ನ ಗಿಟಾರಿನದು ತೇಲುವ ಬ್ರಿಜ್ (ತಂತಿಗಳನ್ನು ಹಿಡಿದಿಡುವ, ಅವುಗಳ ಬಿಗಿತ ಮತ್ತು ಹಿಂದಿನ ಸ್ಪ್ರಿಂಗುಗಳ ಎಳೆತದ ನಡುವೆ ತೂಗಿ ನಿಲ್ಲುವ ಭಾಗ) ಆದ್ದರಿಂದ, ಒಂದು ತಂತಿಯ ಬಿಗಿತ ಇಲ್ಲವಾದೊಡನೆ ಹಿಂದಿನ ಸ್ಪ್ರಿಂಗುಗಳ ಎಳೆತವೇ ಮೇಲಾಗಿ ಉಳಿದ ಐದೂ ತಂತಿಗಳ ಶ್ರುತಿ ಏರಿಬಿಟ್ಟಿತು. ಹೊಸ ತಂತಿ ಚೀಲದಲ್ಲೇ ಇತ್ತು. ಆದರೆ ಅದನ್ನು ಹಾಕಿ ಆರನ್ನೂ ಶ್ರುತಿಗೆ ತರುವಷ್ಟರಲ್ಲಿ ಏಳೆಂಟು ನಿಮಿಷಗಳು ಕಳೆದವು, ಅಷ್ಟು ಹೊತ್ತೂ ನಮ್ಮ ಗಾಯಕಿ ಸಭಿಕರೊಡನೆ ಏನಾದರೂ ಮಾತನಾಡುತ್ತಾ ನಿಂತಿರಬೇಕಾಯಿತು. ಅವರ ಮುಖ ನೋಡಿ ನನಗೆ ಬಹಳ ನೋವಾಯಿತು. ಇನ್ನು ಮುಂದೆ ಎರಡನೆಯ ಗಿಟಾರ್, ಎರಡನೆಯ ಆಂಪ್ಲಿಫೈಯರ್ ಎಲ್ಲವನ್ನೂ ಹೊತ್ತೊಯ್ಯಬೇಕೇ, ಅಥವಾ ಇದಕ್ಕೊಂದು ಮಿತಿಯಿದೆಯೇ?

ಮೊದಲ ಉತ್ತರ

ತೇಲುವ ಬ್ರಿಜ್ ಇರುವ ಗಿಟಾರನ್ನು ನುಡಿಸುವವರು ಎರಡನೆಯ ಗಿಟಾರ್ ಒಯ್ಯಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ಥಿರ ಬ್ರಿಜ್ ಆಗಿದ್ದರೆ ಐದು ತಂತಿಗಳಲ್ಲೇ ಹಾಡನ್ನು ದಡ ಸೇರಿಸಬಹುದು. ನಿಮ್ಮದರಲ್ಲಿ ಅದು ಸಾಧ್ಯವಿಲ್ಲ. ಆ ಎರಡನೆಯದು ಸ್ಥಿರ ಬ್ರಿಜ್ಜಿನ ಸಾಧಾರಣ ಗಿಟಾರ್ ಆದರೂ ಸಾಕು, ಆದರೆ ಅದು ಪೆಟ್ಟಿಗೆಯೊಳಗೆ ಮಲಗಿರದೆ, ಶ್ರುತಿಗೊಂಡು ಸ್ಟ್ಯಾಂಡಿನ ಮೇಲೆ ಕೈಗೆಟುಕುವಂತಿರಬೇಕು.

ಆದರೂ ಮೊದಲು ಕಾಪಾಡುವುದು ಸಣ್ಣ ವಸ್ತುಗಳೇ. ನನ್ನ ಅನುಭವದಲ್ಲಿ ವೇದಿಕೆಯ ಮೇಲೆ ಸದ್ದು ನಿಂತ ಸಂದರ್ಭಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕೇಬಲ್. ಹೊರಗಿನಿಂದ ಹೊಚ್ಚ ಹೊಸದರಂತೆ ಕಾಣುತ್ತಿದ್ದ ಒಂದು ಕೇಬಲ್ಲಿನ ಪ್ಲಗ್ಗನ್ನು ಬಿಚ್ಚಿ ನೋಡಿದಾಗ, ಒಳಗಿನ ಬೆಸುಗೆ ಬಿಟ್ಟುಕೊಂಡು ತಂತಿಯ ಒಂದೇ ಒಂದು ಎಳೆ ತಗಲಿಕೊಂಡಿತ್ತು. ನಾನು ಎಡಕ್ಕೆ ತಿರುಗಿದಾಗ ಸದ್ದು ಬರುತ್ತಿತ್ತು, ಬಲಕ್ಕೆ ತಿರುಗಿದಾಗ ನಿಲ್ಲುತ್ತಿತ್ತು. ಇನ್ನು ಆಕ್ಟಿವ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಬ್ಯಾಟರಿಯಿಂದ ನಡೆಯುವ ಭಾಗ) ಇದ್ದವರು 9 ವೋಲ್ಟಿನ ಬ್ಯಾಟರಿಯನ್ನು ಮರೆಯಬಾರದು: ಸಾಮಾನ್ಯವಾಗಿ ಇಂಥ ಗಿಟಾರುಗಳಲ್ಲಿ ಕೇಬಲ್ ಚುಚ್ಚಿದ್ದರೆ ಸಾಕು, ನುಡಿಸದಿದ್ದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಎರಡನೆಯ ಆಂಪ್ಲಿಫೈಯರ್ ಬೇಡ. ಅದರ ಬದಲು ಸ್ಪೀಕರ್ ಕ್ಯಾಬಿನೆಟ್ಟಿನ ಧ್ವನಿಯನ್ನು ಅನುಕರಿಸುವ ಸಣ್ಣ ಪೆಡಲ್ ಒಂದನ್ನು ಇಟ್ಟುಕೊಂಡರೆ, ಆಂಪ್ ಕೈಕೊಟ್ಟಾಗ ನೇರವಾಗಿ ಮಿಕ್ಸರಿಗೇ ಸೇರಿಸಬಹುದು. ಬರಿಯ ಡಿಐ ಬಾಕ್ಸಿನಿಂದಲೂ (ವಾದ್ಯವನ್ನು ನೇರವಾಗಿ ಮಿಕ್ಸರಿಗೆ ಸೇರಿಸುವ ಸಣ್ಣ ಪೆಟ್ಟಿಗೆ) ಸದ್ದು ಬರುತ್ತದೆ, ಆದರೆ ಗಿಟಾರ್ ಸ್ಪೀಕರ್ ತಾನಾಗಿ ತಗ್ಗಿಸುವ ಮೇಲ್ ಸ್ತರದ ಕಂಪನಗಳೆಲ್ಲ ಹಾಗೇ ಉಳಿಯುವುದರಿಂದ, ಡಿಸ್ಟಾರ್ಶನ್ (ಧ್ವನಿಯನ್ನು ಬೇಕೆಂದೇ ಒರಟಾಗಿಸುವ ಪರಿಣಾಮ) ಬಳಸುವವರಿಗೆ ಅದು ಕಿವಿಗೆ ಚುಚ್ಚುವಷ್ಟು ಕರ್ಕಶವಾಗಿರುತ್ತದೆ. ವಾಲ್ವ್ ಆಂಪ್ ಇದ್ದವರು ಅದೇ ಅಳತೆಯ ಫ್ಯೂಸುಗಳನ್ನು ಇಟ್ಟುಕೊಳ್ಳಲಿ. ಹೊಸ ಫ್ಯೂಸೂ ಸುಟ್ಟರೆ ದೋಷ ಒಳಗಿದೆ ಎಂದರ್ಥ; ಹೆಚ್ಚು ಆಂಪಿಯರಿನದನ್ನು ಹಾಕುವ ಸಾಹಸವನ್ನು ದಯವಿಟ್ಟು ಯಾರೂ ಮಾಡಬೇಡಿ.

ಎರಡನೆಯ ಉತ್ತರ

ಸಣ್ಣ ವಸ್ತುಗಳೇ ಮೊದಲು ಎಂಬ ಮಾತು ಕೀಬೋರ್ಡ್ ನುಡಿಸುವ ನನ್ನಂಥವರಿಗೆ ಪೂರ್ತಿ ಹೊಂದುವುದಿಲ್ಲ. ಅಡಾಪ್ಟರ್ ಮತ್ತು ಸಸ್ಟೇನ್ ಪೆಡಲ್ (ಸ್ವರವನ್ನು ಉಳಿಸಿ ಹಿಡಿಯಲು ಕಾಲಿನಿಂದ ಒತ್ತುವುದು) ಎರಡೆರಡು ಇರಬೇಕು, ಒಪ್ಪುತ್ತೇನೆ. ಆದರೆ ಕೀಬೋರ್ಡ್ ತಾನೇ ಆನ್ ಆಗದಿದ್ದರೆ ವೇದಿಕೆಯ ಮೇಲೆ ಮಾಡಬಹುದಾದ ರಿಪೇರಿ ಯಾವುದೂ ಇಲ್ಲ. ಹಾಗಾಗಿ 61 ಕೀಲಿಗಳ ಹಗುರವಾದ ಇನ್ನೊಂದು ಕೀಬೋರ್ಡ್ ನನ್ನ ವಾಹನದಲ್ಲಿ ಸದಾ ಇರುತ್ತದೆ. ನನ್ನ ಧ್ವನಿಗಳನ್ನೆಲ್ಲ ಯುಎಸ್‌ಬಿಯಲ್ಲಿ ಉಳಿಸಿಕೊಂಡಿದ್ದೇನೆ, ಆದರೆ ಅವು ಅದೇ ಮಾದರಿಯ ಕೀಬೋರ್ಡಿನಲ್ಲಿ ಮಾತ್ರ ತೆರೆದುಕೊಳ್ಳುತ್ತವೆ. ಆದ್ದರಿಂದ ಪಿಯಾನೋ, ಆರ್ಗನ್, ಸ್ಟ್ರಿಂಗ್ಸ್ ಈ ಮೂರೇ ಧ್ವನಿಗಳಲ್ಲಿ ಇಡೀ ಕಾರ್ಯಕ್ರಮವನ್ನು ನುಡಿಸಿ ಮುಗಿಸುವ ಅಭ್ಯಾಸವನ್ನೂ ಮಾಡಿಕೊಂಡಿದ್ದೇನೆ.

ಮೂರನೆಯ ಉತ್ತರ

ವಾದ್ಯಗೋಷ್ಠಿಯಲ್ಲಿ ಕೂರುವ ವಯಲಿನ್ ವಾದಕರಿಗೆ ಸಂಗಡಿಗರೇ ಆಸರೆ. 1986ರಲ್ಲಿ ಅಮೆರಿಕದ ಟ್ಯಾಂಗಲ್‌ವುಡ್ ಸಂಗೀತೋತ್ಸವದಲ್ಲಿ 14 ವರ್ಷದ ವಯಲಿನ್ ವಾದಕಿ ಮಿಡೊರಿ ವಾದ್ಯಗೋಷ್ಠಿಯ ಜೊತೆ ಏಕವಾದಕಿಯಾಗಿ ನುಡಿಸುತ್ತಿದ್ದಾಗ ಇ ತಂತಿ (ವಯಲಿನ್ನಿನ ಅತಿ ತೆಳುವಾದ ತಂತಿ) ಕಡಿಯಿತು. ಅವರು ಕಾನ್ಸರ್ಟ್ ಮಾಸ್ಟರರ (ವಾದ್ಯಗೋಷ್ಠಿಯ ಮುಖ್ಯ ವಯಲಿನ್ ವಾದಕರ) ವಯಲಿನ್ ಪಡೆದು ಮುಂದುವರಿಸಿದರು, ಅದರ ಇ ತಂತಿಯೂ ಕಡಿದಾಗ ಮತ್ತೊಬ್ಬರದನ್ನು ಪಡೆದು ಕೃತಿಯನ್ನು ಪೂರ್ಣಗೊಳಿಸಿದರು. ಕೈಗೆ ಹೊಸದಾದ ಎರಡು ವಾದ್ಯಗಳ ಮೇಲೆ ಆ ವಯಸ್ಸಿನಲ್ಲಿ ಹಾಗೆ ನುಡಿಸಿದ್ದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಸಣ್ಣ ತಂಡದಲ್ಲಿ ಅಂಥ ಆಸರೆ ಇರುವುದಿಲ್ಲ. ನಾನು ಮಾಡುವುದಿಷ್ಟು: ಹೊಸ ತಂತಿಗಳನ್ನು ಕೆಲವು ದಿನ ನುಡಿಸಿ, ಅವು ಎಳೆದುಕೊಂಡು ನಿಂತ ಮೇಲೆ ತೆಗೆದು ಸುತ್ತಿಡುತ್ತೇನೆ. ಉಕ್ಕಿನ ಇ ತಂತಿ ಬೇಗ ನಿಲ್ಲುತ್ತದೆ, ಆದರೆ ಸಿಂಥೆಟಿಕ್ ತಿರುಳಿನ ತಂತಿಗಳನ್ನು ಪೊಟ್ಟಣದಿಂದ ತೆಗೆದು ನೇರವಾಗಿ ಹಾಕಿದರೆ ಮುಂದಿನ ಪ್ರತಿಯೊಂದು ಹಾಡಿನಲ್ಲೂ ಶ್ರುತಿ ಇಳಿಯುತ್ತಾ ಹೋಗುತ್ತದೆ.

ನಾಲ್ಕನೆಯ ಉತ್ತರ

ಡ್ರಮ್ಸ್ ಬಗ್ಗೆ ಒಂದು ಮಾತು. ಕಡ್ಡಿಗಳನ್ನು ಎಲ್ಲರೂ ಹೆಚ್ಚಾಗಿಯೇ ತರುತ್ತಾರೆ. ಮರೆಯುವುದು ಬಾಸ್ ಡ್ರಮ್ಮಿನ ಪೆಡಲ್ ಮತ್ತು ಡ್ರಮ್ ಕೀಲಿ (ಚರ್ಮವನ್ನು ಬಿಗಿಗೊಳಿಸುವ ಸಾಧನ). ಟಾಮ್‌ನ ಚರ್ಮ ಹರಿದರೆ ಬೇರೊಂದನ್ನು ಬಾರಿಸಬಹುದು, ಆದರೆ ಸ್ನೇರ್ (ತಾಳದ ಮುಖ್ಯ ಪೆಟ್ಟುಗಳನ್ನು ಕೊಡುವ ಡ್ರಮ್) ಹರಿದರೆ ಹಾಡು ನಿಂತಂತೆಯೇ. ಆದ್ದರಿಂದ ನಾನು ಒಯ್ಯುವ ಒಂದೇ ಒಂದು ಹೆಚ್ಚುವರಿ ಡ್ರಮ್ ಎಂದರೆ ಸ್ನೇರ್, ಅದನ್ನೂ ಸೌಂಡ್ ಚೆಕ್ಕಿನಲ್ಲಿ ಒಮ್ಮೆ ಬಾರಿಸಿ ನೋಡಿಯೇ ಪಕ್ಕಕ್ಕಿಡುತ್ತೇನೆ.