ಮಳೆಗಾಲದ ನಲಿ-ಕಲಿ ಕ್ಲಾಸು: ಏನು ಮಾಡಿಸುವುದು, ಏನು ಓದಿಸುವುದು?

ಪ್ರಶ್ನೆ (ನಲಿ-ಕಲಿ ಶಿಕ್ಷಕಿ, ಕಾಪು ಕಡೆ)

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವಳು, ಈ ಜೂನಿನಲ್ಲಿ ಇಲ್ಲಿಗೆ ಬಂದೆ. ನಲಿ-ಕಲಿ ಅಂದರೆ ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ, ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿದ್ದಾರೆ. ನಮ್ಮೂರಲ್ಲಿ ಮಳೆ ಯಾವಾಗ ಬರುತ್ತದೆ ಅಂತ ಕಾಯುತ್ತೇವೆ, ಇಲ್ಲಿ ಯಾವಾಗ ನಿಲ್ಲುತ್ತದೆ ಅಂತ ಕಾಯುವುದಾಗಿದೆ. ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಒಳಗೆ ಮಾಡಿನ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ನನ್ನ ಮಾತು ನನಗೇ ಕೇಳುವುದಿಲ್ಲ. ಯೂಟ್ಯೂಬಿನಲ್ಲಿ ಹುಡುಕಿದರೆ ಹಿಮದ ಗೊಂಬೆ, ಉದುರಿದ ಕೆಂಪು ಎಲೆ, ಇಷ್ಟೇ ಸಿಗುವುದು. ಹವಾಮಾನ ನಕ್ಷೆಯಲ್ಲಿ ದಿನಾ 'ಮಳೆ' ಅಂತ ಗುರುತು ಹಾಕಿ ಮಕ್ಕಳಿಗೂ ಬೇಜಾರಾಗಿದೆ. ಕೈಯಿಂದ ಮಾಡುವಂಥದ್ದು, ಓದಿಸುವಂಥದ್ದು ಏನಾದರೂ ಹೇಳಿ. ಖರ್ಚು ಜಾಸ್ತಿ ಬೇಡ.

ಉತ್ತರ (ನಿವೃತ್ತ ಮುಖ್ಯ ಶಿಕ್ಷಕಿ, ಹಿಂದೆ ಸಿ.ಆರ್.ಪಿ. ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಬ್ರಹ್ಮಾವರ)

ಹಿಮದ ಗೊಂಬೆ ಬಿಟ್ಟುಬಿಡಿ ಮೇಡಂ. ವಾರಕ್ಕೊಂದು ಹೊಸ ಕ್ರಾಫ್ಟ್ ಹುಡುಕುವುದನ್ನೂ ಬಿಡಿ. ಒಂದೆರಡು ಕೆಲಸ ಹಿಡಿದು ಮಳೆಗಾಲ ಪೂರ್ತಿ ಮಾಡಿಸಿ. ಮಕ್ಕಳ ಓದಿಗೆ ಬೇಕಾದ್ದು ಅದರಿಂದಲೇ ಹುಟ್ಟುತ್ತದೆ.

ಮೊದಲು ಕೊಡೆ. ಜಗಲಿಯಲ್ಲಿ ಕೊಡೆಗಳ ರಾಶಿ ಇರುತ್ತದಲ್ವಾ? ಸಂಜೆ ಬೆಲ್ ಹೊಡೆದ ಮೇಲೆ 'ಇದು ನನ್ನದು' ಅಂತ ಜಗಳ ಇದ್ದದ್ದೇ. ಗೋಡೆಗೆ ಸಾಲಾಗಿ ಮೊಳೆ ಹೊಡೆಸಿ, ಪ್ರತಿ ಮೊಳೆಯ ಮೇಲೆ ಒಬ್ಬೊಬ್ಬರ ಹೆಸರು ದಪ್ಪ ಅಕ್ಷರದಲ್ಲಿ ಬರೆದು ಸೆಲ್ಲೋಟೇಪ್ ಅಂಟಿಸಿ. ಅದೇ ಹೆಸರಿನ ಚೀಟಿ ಕೊಡೆಯ ಹಿಡಿಗೂ ಇರಲಿ. ಒಂದನೇ ತರಗತಿಯ ಮಗುವಿಗೆ ಜೂನಿನಲ್ಲಿ ಅಕ್ಷರ ಗೊತ್ತಿರುವುದಿಲ್ಲ, ಆದರೆ ತನ್ನ ಹೆಸರು ಹೇಗಿದೆ ಅಂತ ಬೇಗ ಗುರುತು ಹಿಡಿಯುತ್ತದೆ. ಆಮೇಲೆ ದಿನಕ್ಕಿಬ್ಬರನ್ನು 'ಕೊಡೆ ಲೀಡರ್' ಮಾಡಿ. ಎಲ್ಲರ ಕೊಡೆಯನ್ನೂ ಸರಿಯಾದ ಮೊಳೆಗೆ ಹಾಕಬೇಕಾದರೆ ಎಲ್ಲರ ಹೆಸರೂ ಓದಲೇಬೇಕು.

ಎರಡನೆಯದು ಮಳೆ ಅಳೆಯುವ ಬಾಟಲಿ. ಬದಿ ನೇರವಾಗಿರುವ ಒಂದು ಲೀಟರ್ ಬಾಟಲಿ ತೆಗೆದುಕೊಳ್ಳಿ, ನಡು ಸಪೂರ ಇರುವುದು ಬೇಡ. ಕುತ್ತಿಗೆಯ ಕೆಳಗೆ ಕತ್ತರಿಸಿ, ಆ ಭಾಗವನ್ನು ತಲೆಕೆಳಗಾಗಿ ಅದರೊಳಗೇ ಕೂರಿಸಿ. ತಳ ಉಬ್ಬುತಗ್ಗು ಇರುತ್ತದೆ, ಹಾಗಾಗಿ ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ತುಂಬಿಸಿ, ಅಲ್ಲಿಗೊಂದು ಗೆರೆ ಎಳೆಯಿರಿ. ಅದೇ ಸೊನ್ನೆ. ದಿನಾ ಪ್ರಾರ್ಥನೆಗೆ ಮೊದಲು ಒಂದು ಮಗು ತೆಂಗಿನ ಗರಿಯನ್ನು ಬಾಟಲಿಗೆ ತಾಗಿಸಿ ಹಿಡಿಯಲಿ. ಗೆರೆಯಿಂದ ನೀರಿನ ಮಟ್ಟದವರೆಗೆ ಎಷ್ಟು ಉದ್ದವೋ ಅಷ್ಟು ಕತ್ತರಿಸಿ ಚಾರ್ಟಿಗೆ ಅಂಟಿಸಲಿ. ಆಮೇಲೆ ಗೆರೆಯವರೆಗೆ ಮಾತ್ರ ನೀರು ಉಳಿಸಿ ಬಾಕಿ ಚೆಲ್ಲಿಬಿಡಿ. ಅಂಕಿ ಬಾರದವರಿಗೂ 'ನಿನ್ನೆಗಿಂತ ಇವತ್ತು ಉದ್ದ' ಅಂತ ಕಾಣುತ್ತದೆ. ಮೂರನೇ ತರಗತಿಯವರು ಅದೇ ಗರಿಯನ್ನು ಸ್ಕೇಲಿಟ್ಟು ಮಿಲಿಮೀಟರಿನಲ್ಲಿ ಬರೆಯಲಿ, ಪೇಪರಿನಲ್ಲಿ ಬರುವ ಲೆಕ್ಕದ ಜೊತೆ ಹೋಲಿಸಲಿ. ಒಂದು ದಿನದಲ್ಲಿ 64.5 ಮಿ.ಮೀ. ದಾಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಭಾರೀ ಮಳೆ. 204.4 ದಾಟಿದರೆ ಎಲ್ಲಕ್ಕಿಂತ ಮೇಲಿನ ವರ್ಗ.

ಪ್ರತಿ ಗರಿಯ ಕೆಳಗೆ ಒಂದು ವಾಕ್ಯ ಇರಬೇಕು. ಇದನ್ನು ಮಾತ್ರ ತಪ್ಪಿಸಬೇಡಿ. ಮಗು ಹೇಳಬೇಕು, ನೀವು ಬರೆಯಬೇಕು. 'ಇವತ್ತು ಅಣ್ಣನ ಚಪ್ಪಲಿ ತೋಡಿನಲ್ಲಿ ಹೋಯಿತು.' 'ರಾತ್ರಿ ಕರೆಂಟ್ ಇರಲಿಲ್ಲ, ಅಜ್ಜಿ ಹಪ್ಪಳ ಸುಟ್ಟರು.' ಮಗು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹೇಳಿದರೆ ಹೇಳಲಿ, ಉಳಿದ ಮಕ್ಕಳು ಸೇರಿ ಕನ್ನಡ ಮಾಡಿಕೊಡುತ್ತಾರೆ. ಆ ಹಾಳೆಗಳನ್ನು ಚಪ್ಪರಕ್ಕೆ, ಅಂದರೆ ಕ್ಲಾಸಿನಲ್ಲಿ ತಲೆಯ ಮೇಲೆ ಕಟ್ಟಿದ ದಾರಗಳಿಗೆ, ತೂಗುಹಾಕಿ. ವಾರದ ಕೊನೆಗೆ ಇಳಿಸಿ ಹೊಲಿದರೆ ಒಂದು ಪುಸ್ತಕ ಆಯಿತು. ಅಂಗಡಿಯಿಂದ ತಂದ ಎಷ್ಟು ಚೆಂದದ ಪುಸ್ತಕ ಇಟ್ಟರೂ ಮಕ್ಕಳು ಮೊದಲು ಕೈಹಾಕುವುದು ಇದಕ್ಕೇ. ತಮ್ಮದೇ ಚಪ್ಪಲಿ ಕಥೆ ಅಲ್ವಾ?

ಹವಾಮಾನ ನಕ್ಷೆಗೂ ಇದರಿಂದ ಜೀವ ಬರುತ್ತದೆ. ಬರೀ 'ಮಳೆ' ಬೇಡ. ತುಂತುರು, ಜಿಟಿಜಿಟಿ, ಜಡಿಮಳೆ, ಗಾಳಿಮಳೆ, ಬಿಸಿಲುಮಳೆ ಅಂತ ಐದು ಕಾರ್ಡು ಮಾಡಿ. ಇವತ್ತು ಯಾವುದು ಅಂತ ಮಕ್ಕಳೇ ವಾದ ಮಾಡಿ ತೀರ್ಮಾನ ಮಾಡಲಿ.

ಶೀಟಿನ ಸದ್ದಿಗೆ ಮದ್ದಿಲ್ಲ. ಕೂಗಿ ಗಂಟಲು ಹಾಳು ಮಾಡಿಕೊಳ್ಳಬೇಡಿ. ಜೋರು ಮಳೆಯ ಹೊತ್ತನ್ನು ಚಿತ್ರಪುಸ್ತಕಕ್ಕೆ ಇಡಿ. ಇಬ್ಬಿಬ್ಬರಿಗೆ ಒಂದು ಪುಸ್ತಕ, ತಲೆಗೆ ತಲೆ ತಾಗಿಸಿ ನೋಡಲಿ. ಕಡಿಮೆಯಾದಾಗ ನೀವು ಗಟ್ಟಿಯಾಗಿ ಓದಿ. ಪಂಜೆ ಮಂಗೇಶರಾಯರ 'ತೆಂಕಣ ಗಾಳಿಯಾಟ' ಈ ಕಾಲಕ್ಕೆ ಹೇಳಿ ಮಾಡಿಸಿದ್ದು. ಅವರು 1874ರಲ್ಲಿ ನಮ್ಮ ಬಂಟ್ವಾಳದಲ್ಲೇ ಹುಟ್ಟಿದವರು. ಪದಗಳ ಅರ್ಥ ಬಿಡಿಸಲು ಹೋಗಬೇಡಿ. ನೀವು ಓದಿ, ಗಾಳಿಯ ಸದ್ದು ಮಕ್ಕಳು ಮಾಡಲಿ. ಹೊಸ ಪುಸ್ತಕಕ್ಕೆ ದುಡ್ಡಿಲ್ಲದಿದ್ದರೆ ಸ್ಟೋರಿವೀವರ್ ಜಾಲತಾಣ ನೋಡಿ. ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಒಂದು ಮತ್ತು ಎರಡನೇ ಹಂತದವು ನಿಮ್ಮ ಮಕ್ಕಳಿಗೆ ಸಾಕು.

ಪ್ರಶ್ನೆ (ಶಿಕ್ಷಕ, ಮಲ್ಪೆ ಕಡೆ)

ಟೀಚರ್, ನಮ್ಮಲ್ಲಿ ಹೆಚ್ಚಿನವರು ಬೋಟಿಗೆ ಹೋಗುವವರ ಮಕ್ಕಳು. ಮಳೆಗಾಲದಲ್ಲಿ ಅಪ್ಪಂದಿರು ಮನೆಯಲ್ಲೇ ಇರುತ್ತಾರೆ. ಇದನ್ನು ಕ್ಲಾಸಿಗೆ ತರಬಹುದಾ?

ಉತ್ತರ

ತರಬಹುದಾ ಅಂತ ಕೇಳ್ತೀರಾ, ತರಲೇಬೇಕು ಸರ್. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಕ್ಯಾಲೆಂಡರಿನಲ್ಲಿ ಮಕ್ಕಳು ಎಣಿಸಲಿ, 30 ಮತ್ತು 31 ಸೇರಿ 61. ದಿನಾ ಒಂದು ಮನೆ ಅಳಿಸಿ, ಬೋಟು ಇಳಿಯಲು ಇನ್ನೆಷ್ಟು ದಿನ ಅಂತ ಬರೆಯಲಿ. ಕಳೆಯುವ ಲೆಕ್ಕಕ್ಕೆ ಬೇರೆ ಕಾರ್ಡು ಬೇಡ. ಒಬ್ಬರು ತಂದೆಯನ್ನು ಬಲೆ ಸಮೇತ ಕರೆಸಿ, ಹರಿದ ಕಣ್ಣು ಹೇಗೆ ಹೆಣೆಯುತ್ತಾರೆ ಅಂತ ತೋರಿಸಲಿ. ಅವರಿಗೆ ಭಾಷಣ ಮಾಡಲು ಹೇಳಬೇಡಿ, ನಾಚಿಕೊಂಡು ಬರುವುದೇ ಇಲ್ಲ. ಸುಮ್ನೆ ಕೂತು ಬಲೆ ಹೆಣೆಯಲಿ, ಪ್ರಶ್ನೆ ಮಕ್ಕಳು ಕೇಳುತ್ತಾರೆ.

ಪ್ರಶ್ನೆ (ಎಸ್.ಡಿ.ಎಂ.ಸಿ. ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯ, ಮೂಡುಬಿದಿರೆ ಕಡೆ)

ನಮ್ಮ ಶಾಲೆಯಲ್ಲಿ 'ಆಟಿಡೊಂಜಿ ದಿನ', ಅಂದರೆ ತುಳುವರ ಆಟಿ ತಿಂಗಳಲ್ಲಿ ಒಂದು ದಿನದ ಕಾರ್ಯಕ್ರಮ, ಮಾಡುತ್ತೇವೆ. ಈ ಸಲ ಮಕ್ಕಳಿಗೆ ಪಾಲೆ ಮರದ ಕಷಾಯವನ್ನೂ ಕೊಡುವ ಅಂತ ಇದೆ. ನಿಮ್ಮ ಅಭಿಪ್ರಾಯ?

ಉತ್ತರ

ಕಷಾಯ ಶಾಲೆಯಲ್ಲಿ ಬೇಡವೇ ಬೇಡ. ಆಟಿ ಅಮಾವಾಸ್ಯೆಗೆ ಮನೆಯಲ್ಲಿ ಗೊತ್ತಿರುವ ಹಿರಿಯರು ಕೊಟ್ಟರೆ ಅದು ಅವರ ಜವಾಬ್ದಾರಿ. ತೊಗಟೆ ತರುವುದು ನಸುಕಿಗೆ ಮೊದಲೇ, ಆ ಕತ್ತಲಲ್ಲಿ ಪಾಲೆ ಅಂತ ಕಾಸರಕ ಮರದ ತೊಗಟೆ ತಂದರೆ ಜೀವಕ್ಕೇ ಅಪಾಯ, ಅದು ವಿಷ. ಬದಲಿಗೆ ಹಗಲಿನಲ್ಲಿ ಪಾಲೆಯ ಒಂದು ಗೆಲ್ಲು ತಂದು ತೋರಿಸಿ. ಒಂದೇ ಗಂಟಿನಿಂದ ಸುತ್ತಲೂ ಎಲೆ ಬಂದಿರುತ್ತದೆ. ಐದೋ ಆರೋ ಏಳೋ, ಮಕ್ಕಳು ಎಣಿಸಲಿ. ಕಾಸರಕದಲ್ಲಿ ಎರಡೆರಡೇ, ಎದುರುಬದುರು. ಇದನ್ನು ಚಿತ್ರ ಬರೆದು ತೋರಿಸಿದರೆ ಸಾಕು. ಪಾಲೆ ಗೆಲ್ಲು ಮುರಿದಾಗ ಬರುವ ಬಿಳಿ ಹಾಲು ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ.

ಇನ್ನೊಂದು ಮಾತು, ಬೇಸರ ಮಾಡಬೇಡಿ. ತಾಯಂದಿರು ಇಪ್ಪತ್ತು ಬಗೆ ಅಡುಗೆ ಮಾಡಿ ತಂದು ಮೇಜಿನ ಮೇಲಿಡುತ್ತಾರೆ. ಅತಿಥಿಗಳು ಫೋಟೋ ತೆಗೆಸಿಕೊಳ್ಳುತ್ತಾರೆ. ಮಕ್ಕಳು ಸಾಲಿನಲ್ಲಿ ಕೂತು ಭಾಷಣ ಕೇಳುತ್ತಾರೆ. ಅದಕ್ಕಿಂತ ಪತ್ರೊಡೆ ಒಂದೇ ಇರಲಿ. ಕೆಸುವಿನ ಎಲೆಗೆ ಹಿಟ್ಟು ಹಚ್ಚುವುದು, ಸುರುಳಿ ಸುತ್ತುವುದು, ಹಬೆಯಲ್ಲಿ ಬೇಯಿಸುವುದು, ಕೊಯ್ಯುವುದು. ನಾಲ್ಕು ಚಿತ್ರ, ನಾಲ್ಕು ವಾಕ್ಯ. ಕಲಸಿ ಕೊಟ್ಟರೆ ಮಕ್ಕಳು ಸರಿಯಾಗಿ ಜೋಡಿಸಿ ಓದಲಿ. ಹುಣಸೆಹುಳಿ ಯಾಕೆ ಹಾಕುವುದು ಅಂತ ಕೇಳಿ. 'ಬಾಯಿ ತುರಿಸದ ಹಾಗೆ' ಅಂತ ಗೊತ್ತಿರುವ ಮಗು ಒಂದಾದರೂ ಇರುತ್ತದೆ.

ಗುಳಿಗಳಿಗೆ ಕಾಯಿ ಹಾಕುತ್ತ ಆಡುವ ಚೆನ್ನೆಮಣೆಯೂ ಆಟಿಯದ್ದೇ ಆಟ. 14 ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಮಣೆ ಸಿಗದಿದ್ದರೆ ಮೊಟ್ಟೆ ಟ್ರೇ ಕತ್ತರಿಸಿ, ಮಂಜೊಟ್ಟಿ ಅನ್ನುವ ಕೆಂಪು ಬೀಜದ ಬದಲು ಹುಣಸೆಬೀಜ ಹಾಕಿ. ನಾಲ್ಕರ ಮಗ್ಗಿ ತಾನಾಗಿ ಬರುತ್ತದೆ.

ಪ್ರತಿಕ್ರಿಯೆ (ಶಿಕ್ಷಕಿ, ಸುರತ್ಕಲ್ ಕಡೆ)

ಎಲ್ಲ ಚೆಂದ ಇದೆ ಮೇಡಂ. ಆದರೆ ಇಷ್ಟೆಲ್ಲ ಮಾಡುತ್ತ ಕೂತರೆ ನಲಿ-ಕಲಿಯ ಕಾರ್ಡು ಮುಗಿಸುವುದು ಯಾವಾಗ? ಮಳೆ ರಜೆ ಬೇರೆ. ಆಮೇಲೆ ಅಷ್ಟಮಿ, ಮೊಂತಿ ಫೆಸ್ತ್ (ಕ್ರೈಸ್ತರ ಮೇರಿ ಮಾತೆಯ ಹಬ್ಬ), ದಸರಾ.

ಉತ್ತರ

ನಿಮ್ಮ ಮಾತು ನಿಜ. ಇದನ್ನು ಮೇಲಿಂದ ಸೇರಿಸಿದರೆ ಆಗುವುದಿಲ್ಲ, ಇರುವುದರ ಬದಲಿಗೆ ಮಾಡಬೇಕು. ಬಾಟಲಿಯ ಕೆಲಸ ಹವಾಮಾನ ನಕ್ಷೆಯ ಹೊತ್ತಿನಲ್ಲೇ ಮುಗಿಯುತ್ತದೆ. ಉದ್ದ-ಗಿಡ್ಡದ ಕಾರ್ಡು ಬಂದಾಗ ಗರಿಯ ಚಾರ್ಟನ್ನೇ ಬಳಸಿ. ಹಬ್ಬಗಳಿಗೆ ಬೇರೆ ಬೇರೆ ಕ್ರಾಫ್ಟ್ ಬೇಡ. ಅಷ್ಟಮಿಗೆ ಹುಲಿವೇಷ ನೋಡಿ ಬಂದವರೂ, ಸೆಪ್ಟೆಂಬರ್ 8ಕ್ಕೆ ಇಗರ್ಜಿಗೆ ಹೂ ಕೊಂಡುಹೋದವರೂ ಅದೇ ಹಾಳೆಯಲ್ಲಿ ತಮ್ಮ ವಾಕ್ಯ ಹೇಳಲಿ.

ಪ್ರಶ್ನೆ (ಮೊದಲು ಕೇಳಿದ ಶಿಕ್ಷಕಿ)

ಬಾಟಲಿ ಇಟ್ಟಾಯಿತು ಮೇಡಂ, ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಎರಡು ದಿನ ರಜೆ ಸಿಕ್ಕಿತು. ಬಂದು ನೋಡಿದರೆ ಬಾಟಲಿ ತುಂಬಿ ಹೊರಗೆ ಹರಿದಿತ್ತು. ಆ ದಿನಗಳಿಗೆ ಏನು ಅಂಟಿಸುವುದು?

ಉತ್ತರ

ಮಾಡಿನ ನೀರು ಬೀಳುವ ಜಾಗದಲ್ಲಿ ಇಟ್ಟಿಲ್ಲ ತಾನೇ? ಗೋಡೆ, ಮರ ಎರಡರಿಂದಲೂ ದೂರ, ಬಯಲಲ್ಲಿ ಎರಡು ಕೆಂಪುಕಲ್ಲಿನ ನಡುವೆ ಸಿಕ್ಕಿಸಿಡಿ. ಹರಿದುಹೋದ ದಿನಗಳಿಗೆ ಅಂದಾಜು ಮಾಡಿ ಅಂಟಿಸಬೇಡಿ. ಆ ಎರಡು ಜಾಗ ಖಾಲಿ ಬಿಟ್ಟು, ಕೆಳಗೆ 'ರಜೆ, ಬಾಟಲಿ ತುಂಬಿತ್ತು' ಅಂತ ಮಕ್ಕಳಿಂದಲೇ ಬರೆಸಿ. ಮುಂದಿನ ರಜೆಗೆ, ಶಾಲೆಯ ಹತ್ತಿರ ಮನೆ ಇದ್ದರೆ ಬಿಸಿಯೂಟದ ಅಕ್ಕನಿಗೆ ಒಂದು ಕಟ್ಟು ಗರಿ ಕೊಟ್ಟು ಹೇಳಿಡಿ. ಮಕ್ಕಳನ್ನಂತೂ ಕಳುಹಿಸಲೇಬೇಡಿ. ದಾರಿಯಲ್ಲಿ ತೋಡು, ಕಲ್ಲಿನ ಕೋರೆ ಎಲ್ಲ ತುಂಬಿರುತ್ತವೆ.