ಆಪರೇಷನ್‌ಗೆ ಎರಡು ಗಂಟೆ ಮುಂಚೆ ಸಿಹಿನೀರು, ಮರುದಿನವೇ ಊಟ: ಇದು ಸರಿನಾ?

ತುಮಕೂರು_ಮಗ:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ದೊಡ್ಡ ಕರುಳಿನಲ್ಲಿ ಗಡ್ಡೆ ಇದೆ. ಇನ್ನೊಂದು ತಿಂಗಳಿಗೆ ಬೆಂಗಳೂರಿನಲ್ಲಿ ಆಪರೇಷನ್. ಲ್ಯಾಪರೋಸ್ಕೋಪಿಯಲ್ಲೇ ಮಾಡುತ್ತಾರಂತೆ. ಡಾಕ್ಟರ್ ಮೇಲೆ ನಮಗೆ ನಂಬಿಕೆ ಇದೆ. ಆದರೆ ಅವರು ಕೊಟ್ಟ ಒಂದು ಹಾಳೆಯಿಂದ ಮನೆಯಲ್ಲಿ ದಿನಾ ಜಗಳ ನಡೀತಿದೆ.

ಹಾಳೆಯಲ್ಲಿ ಏನಿದೆ ಅಂದರೆ, ಹಿಂದಿನ ರಾತ್ರಿ ಒಂದು ಸಿಹಿ ಪಾನೀಯ ಕುಡಿಯಬೇಕು. ಆಪರೇಷನ್‌ಗೆ ಎರಡು ಗಂಟೆ ಇರುವಾಗ ಮತ್ತೊಮ್ಮೆ. ಅವತ್ತೇ ಸಂಜೆ ಕುರ್ಚಿಯಲ್ಲಿ ಕೂರಿಸುತ್ತಾರೆ. ಮರುದಿನ ನಡೆಸುತ್ತಾರೆ, ಮೆತ್ತಗಿನ ಊಟ ಕೊಡುತ್ತಾರೆ. ಜೊತೆಗೆ ಚ್ಯೂಯಿಂಗ್ ಗಮ್ ಜಗಿಯಬೇಕಂತೆ!

ನಮ್ಮ ದೊಡ್ಡಮ್ಮ ಕೇಳುವುದು ಒಂದೇ ಮಾತು: "ಕರುಳು ಕತ್ತರಿಸಿ ಹೊಲಿದ ಮಾರನೇ ದಿನ ಊಟಾನಾ? ಹೊಲಿಗೆ ಬಿಚ್ಕೊಂಡ್ರೆ ಯಾರೋ ಹೊಣೆ?" ಹಿಂದೆ ಅಪ್ಪನಿಗೆ ಹೊಟ್ಟೆ ಆಪರೇಷನ್ ಆದಾಗ ಒಂದು ಗುಟುಕು ನೀರೂ ಬಿಟ್ಟಿರಲಿಲ್ಲ. ಈಗ ಇಷ್ಟೊಂದು ಬದಲಾಗಿದೆಯಾ? ಅಥವಾ ಇದೇನಾದರೂ ಪ್ರಯೋಗವಾ? ತಿಳಿದವರು ದಯವಿಟ್ಟು ಹೇಳಿ.

ಓಟಿ_ಸಿಸ್ಟರ್_ದಾವಣಗೆರೆ:

ತಮ್ಮಾ, ನಾನು ಆಪರೇಷನ್ ಥಿಯೇಟರ್‌ನಲ್ಲೂ ಸರ್ಜರಿ ವಾರ್ಡಿನಲ್ಲೂ ಕೆಲಸ ಮಾಡಿ ರಿಟೈರ್ ಆದವಳು. ನಿಮ್ಮ ದೊಡ್ಡಮ್ಮನಂಥವರನ್ನು ವಾರ್ಡಿನ ಬಾಗಿಲಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರ ಭಯ ಸುಳ್ಳಲ್ಲ. ನಾವೇ ಆ ಭಯವನ್ನು ಕಲಿಸಿದ್ದು.

ಮೊದಲು ನೀರಿನ ವಿಷಯ. "ರಾತ್ರಿ ಹನ್ನೆರಡರ ಮೇಲೆ ಏನೂ ಬೇಡ" ಎನ್ನುವ ಪದ್ಧತಿ ಗಟ್ಟಿಯಾಗಿದ್ದು 1946ರ ನಂತರ. ನ್ಯೂಯಾರ್ಕ್‌ನ ಕರ್ಟಿಸ್ ಮೆಂಡೆಲ್ಸನ್ ಎಂಬ ಹೆರಿಗೆ ಡಾಕ್ಟರ್ 44,016 ಹೆರಿಗೆಗಳ ಲೆಕ್ಕ ನೋಡಿದರು. ಅದರಲ್ಲಿ 66 ಹೆಂಗಸರಿಗೆ, ಅನಸ್ತೇಷಿಯಾದ ಮತ್ತಿನಲ್ಲಿದ್ದಾಗ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದಿತ್ತು. ಆ ಅಪಾಯ ಇವತ್ತಿಗೂ ನಿಜ. ಆದರೆ ಅನ್ನಕ್ಕೂ ನೀರಿಗೂ ಒಂದೇ ಕಾನೂನು ಮಾಡಿಬಿಟ್ಟರು. ಅನ್ನ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಕೂರುತ್ತದೆ, ತಿಳಿನೀರು ಬೇಗ ಕೆಳಗಿಳಿಯುತ್ತದೆ. ಹಾಗಾಗಿ ಅಮೆರಿಕದ ಅನಸ್ತೇಷಿಯಾ ತಜ್ಞರ ಸಂಘ 1999ರಲ್ಲೇ ಬರೆದಿಟ್ಟಿತು: ಹಗುರವಾದ ತಿಂಡಿಗೆ ಆರು ಗಂಟೆ, ತಿಳಿ ದ್ರವಕ್ಕೆ ಎರಡು ಗಂಟೆ. ನಮ್ಮ ವಾರ್ಡುಗಳಿಗೆ ಆ ಕಾಗದ ಬಂದು ಮುಟ್ಟೋಕೆ ಎಷ್ಟು ವರ್ಷ ಬೇಕಾಯಿತೋ, ಬಿಡಿ.

ಬೆಳಗ್ಗೆ ಎಂಟಕ್ಕೆ ಅಂದ ಕೇಸು ಮಧ್ಯಾಹ್ನ ಮೂರಕ್ಕೆ ಹೋಗುತ್ತಿತ್ತು. ಅಲ್ಲಿತನಕ ವಯಸ್ಸಾದವರು ನಾಲಿಗೆ ಒಣಗಿ, ಮಾತು ತೊದಲಿ, ನಮ್ಮ ಸೆರಗು ಹಿಡಿದು ನೀರು ಕೇಳುತ್ತಿದ್ದರು. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುವುದಷ್ಟೇ ನಮಗಿದ್ದ ಅನುಮತಿ.

ಹಾಳೆಯಲ್ಲಿರುವ ಸಿಹಿ ಪಾನೀಯ ಸ್ವೀಡನ್ ಕಡೆಯ ಸಂಶೋಧನೆಯಿಂದ ಬಂದದ್ದು. ಬೆಳಗಿನದು ಸಾಮಾನ್ಯವಾಗಿ 400 ಮಿಲಿ, ಅದರಲ್ಲಿ ಸುಮಾರು 50 ಗ್ರಾಂ ಪಿಷ್ಟ. ಬಾಯಾರಿಕೆ, ಹಸಿವು, ಗಾಬರಿ ಕಡಿಮೆ ಆಗುತ್ತದೆ. ಆಪರೇಷನ್ ಆದ ಮೇಲೆ ಸಕ್ಕರೆ ಏರುಪೇರೂ ಸ್ವಲ್ಪ ತಗ್ಗುತ್ತದೆ. ಅದೇನೂ ಸಂಜೀವಿನಿ ಅಲ್ಲ, ಅದರಿಂದಲೇ ಬೇಗ ಮನೆಗೆ ಹೋಗುತ್ತಾರೆ ಎನ್ನುವುದಕ್ಕೆ ಪುರಾವೆ ಕಮ್ಮಿ. ಆದರೂ ನಾನಾಗಿದ್ದರೆ ಕುಡಿಯುತ್ತೇನೆ.

"ತಿಳಿ" ಅಂದರೆ ಲೋಟದ ಆಚೆ ಬದಿ ಕಾಣಬೇಕು. ಹಾಲು, ಕಾಫಿ, ಮಜ್ಜಿಗೆ ಬೇಡ. ಗಂಜಿ ಬೇಡ, ಗಂಜಿ ತಿಳಿಯೂ ಬೇಡ. "ಸ್ವಲ್ಪ ರಾಗಿ ಅಂಬಲಿ ಅಷ್ಟೇ ಸಿಸ್ಟರ್" ಅಂತ ಮುಚ್ಚಿಟ್ಟು ಕುಡಿಸುವ ನೆಂಟರು ಇರುತ್ತಾರೆ. ದೊಡ್ಡಮ್ಮನ ಮೇಲೆ ಒಂದು ಕಣ್ಣಿಡಿ.

ಈಗ ಊಟ. ಡೆನ್ಮಾರ್ಕ್‌ನಲ್ಲಿ ಹೆನ್ರಿಕ್ ಕೆಹ್ಲೆಟ್ ಎಂಬ ಸರ್ಜನ್ ಇದ್ದಾರೆ. 1990ರ ದಶಕದಲ್ಲಿ ಅವರು ಕೇಳಿದ್ದು ಸರಳ ಪ್ರಶ್ನೆ: ಆಪರೇಷನ್ ಚೆನ್ನಾಗಿ ಆಗಿದೆ, ಮತ್ತೆ ರೋಗಿ ಇನ್ನೂ ಹಾಸಿಗೆಯಲ್ಲಿ ಯಾಕೆ? ನೋವು, ವಾಕರಿಕೆ, ಕರುಳು ನಿಂತುಹೋಗುವುದು, ಡ್ರಿಪ್ಪು, ನಳಿಕೆಗಳು, ಹಳೇ ಅಭ್ಯಾಸ. ಒಂದೊಂದನ್ನೇ ತೆಗೆಯುತ್ತಾ ಹೋದರು. ಮುಂದೆ ಬೇರೆ ದೇಶಗಳ ಸರ್ಜನ್‌ಗಳೂ ಸೇರಿಕೊಂಡು ಅದನ್ನು ಇಆರ್‌ಎಎಸ್, ಅಂದರೆ ಆಪರೇಷನ್ ನಂತರ ಬೇಗ ಚೇತರಿಸಿಕೊಳ್ಳುವ ಕ್ರಮ, ಅಂತ ಕರೆದರು. ನಿಮ್ಮ ಕೈಲಿರುವ ಹಾಳೆ ಅದೇ.

ಆಪರೇಷನ್ ಆದ ಕೆಲವೇ ಗಂಟೆಗಳಲ್ಲಿ ಸಣ್ಣ ಕರುಳು ಕೆಲಸ ಶುರು ಮಾಡಿರುತ್ತದೆ. ದೊಡ್ಡ ಕರುಳಿಗೆ ಎರಡು ಮೂರು ದಿನ ಬೇಕು. ದೊಡ್ಡಮ್ಮನಿಗೆ ಇದನ್ನು ಹೇಳಿ: ಏನೂ ತಿನ್ನದಿದ್ದರೂ ಜೊಲ್ಲು, ಜಠರರಸ, ಪಿತ್ತ ಎಲ್ಲ ಸೇರಿ ಲೀಟರುಗಟ್ಟಲೆ ಕರುಳಿಗೆ ಇಳಿಯುತ್ತಲೇ ಇರುತ್ತದೆ. ಉಪವಾಸ ಕೆಡವಿದರೆ ಹೊಲಿಗೆಗೆ ರಜಾ ಸಿಗುವುದಿಲ್ಲ. ಬೇಗ ಊಟ ಕೊಟ್ಟದ್ದಕ್ಕೆ ಹೊಲಿಗೆ ಸೋರುವುದು ಜಾಸ್ತಿ ಆಯಿತು ಅಂತ ಪ್ರಯೋಗಗಳಲ್ಲಿ ಕಂಡಿಲ್ಲ. ಆದರೆ ವಾಂತಿ ಬರುತ್ತಿದ್ದರೆ, ಹೊಟ್ಟೆ ಉಬ್ಬಿದ್ದರೆ ಬಲವಂತ ಮಾಡಬಾರದು. ನಮ್ಮ ಕಾಲದಲ್ಲಿ ರೌಂಡ್ಸ್‌ಗೆ ಬಂದ ಡಾಕ್ಟರ್ ಕೇಳುತ್ತಿದ್ದ ಮೊದಲ ಮಾತೇ "ಅಜ್ಜೀ, ಗ್ಯಾಸ್ ಹೋಯ್ತಾ?" ಹೋಗದಿದ್ದರೆ ಊಟ ಇಲ್ಲ. ಈಗ ಅದಕ್ಕೆ ಕಾಯುವುದಿಲ್ಲ.

ಗಮ್ ಯಾಕೆ ಅಂದರೆ, ಜಗಿದರೆ ಊಟ ಬರುತ್ತಿದೆ ಅಂತ ಕರುಳು ತಿಳಿಯುತ್ತದೆ. ಊಟವನ್ನೇ ಬೇಗ ಕೊಟ್ಟರೆ ಗಮ್‌ನಿಂದ ಹೆಚ್ಚು ಲಾಭ ಇಲ್ಲ. ಕಟ್ಟಿಸಿದ ಹಲ್ಲಿದ್ದರೆ ಸುಮ್ನೆ ಬಿಟ್ಟುಬಿಡಿ.

ಬಯಲುಸೀಮೆ_ಹೈದ:

ಸಿಸ್ಟರ್, ಒಂದು ಒರಟು ಪ್ರಶ್ನೆ. ಬೇಗ ಎಬ್ಬಿಸೋದು, ಬೇಗ ಕಳಿಸೋದು, ಇದೆಲ್ಲ ಬೆಡ್ ಖಾಲಿ ಮಾಡಿಸೋಕೆ ಅಲ್ವಾ? ನಮ್ಮ ಮಾವನಿಗೆ ಒಂದು ಕಡೆ ಹರ್ನಿಯಾ ಆಪರೇಷನ್ ಆಯಿತು. ಮರುದಿನವೇ ಡಿಸ್ಚಾರ್ಜ್. ನೋವಿನ ಮಾತ್ರೆ ಯಾವಾಗ, ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು, ಯಾರೂ ಹೇಳಲಿಲ್ಲ. ರಾತ್ರಿಯೆಲ್ಲ ಅವರು ನರಳಿದ್ದು ಈಗಲೂ ಕಿವಿಯಲ್ಲಿದೆ.

ಓಟಿ_ಸಿಸ್ಟರ್_ದಾವಣಗೆರೆ:

ಅದು ಬೇಗ ಗುಣ ಮಾಡಿಸುವುದಲ್ಲ ಮಾರಾಯ, ಸುಮ್ನೆ ಓಡಿಸುವುದು. ನೋವು ಹಿಡಿತದಲ್ಲಿರಬೇಕು, ಬಾಯಲ್ಲಿ ಊಟ ಇಳಿಯಬೇಕು, ತಾನೇ ಎದ್ದು ಬಚ್ಚಲಿಗೆ ಹೋಗಬೇಕು, ಮನೆಗೆ ಹೋದ ಮೇಲೆ ಒಂದು ಫೋನ್ ಬರಬೇಕು. ಇಷ್ಟಾದರೆ ಕಳಿಸಬಹುದು. ಇಂಥ ಕ್ರಮದ ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಆಸ್ಪತ್ರೆಯ ದಿನಗಳೂ ಕಡಿಮೆ, ತೊಂದರೆಗಳೂ ಕಡಿಮೆ, ಮತ್ತೆ ಅಡ್ಮಿಟ್ ಆಗುವವರು ಹೆಚ್ಚಿರಲಿಲ್ಲ.

ನಡೆಸುವುದಕ್ಕೂ ಕಾರಣ ಇದೆ. ಮಲಗಿದಲ್ಲೇ ಇದ್ದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೆಯಲ್ಲಿ ಕಫ ಕಟ್ಟಬಹುದು. ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬ ಕೊಡುತ್ತಾರಲ್ಲ, ಅದನ್ನು ಎಲ್ಲರೂ ಊದುತ್ತಾರೆ. ಊದಬಾರದು, ಉಸಿರು ಒಳಗೆ ಎಳೆದು ಚೆಂಡು ಮೇಲೇಳಿಸಬೇಕು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಬೇಕು.

ಸರ್ಜರಿ_ಪೀಜಿ:

ಸಿಸ್ಟರ್ ಹೇಳಿದ್ದರ ಜೊತೆಗೆ, ಗಾಯ ಕೀವಾಗುವುದರ ಬಗ್ಗೆ ಸ್ವಲ್ಪ. ನಮ್ಮಂಥ ದೇಶಗಳಲ್ಲಿ ಹೊಟ್ಟೆ ಆಪರೇಷನ್ ಆದವರನ್ನು ಹೆಚ್ಚು ಕಾಡುವ ತೊಂದರೆಗಳಲ್ಲಿ ಇದೊಂದು. ಭಾರತ, ಘಾನಾ, ನೈಜೀರಿಯಾ, ಮೆಕ್ಸಿಕೊ ಸೇರಿ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ ಚೀತಾ ಎಂಬ ಪ್ರಯೋಗ ನಡೆಯಿತು. 13,301 ರೋಗಿಗಳು. ಮಾಡಿದ್ದು ಇಷ್ಟೇ: ಹೊಟ್ಟೆ ಹೊಲಿಯುವ ಮುನ್ನ ಇಡೀ ತಂಡ ಗ್ಲೌಸ್ ಬದಲಿಸಿ, ಹೊಸ ಸ್ಟೆರೈಲ್ ಉಪಕರಣ ತೆಗೆದುಕೊಳ್ಳುವುದು. ಕೀವಾಗುವ ಪ್ರಮಾಣ ನೂರಕ್ಕೆ 18.9ರಿಂದ 16ಕ್ಕೆ ಇಳಿಯಿತು. 2022ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಅದಕ್ಕೆ ಒಂದು ವರ್ಷ ಮುಂಚೆ ಇದೇ ಗುಂಪಿನವರು ಫಾಲ್ಕನ್ ಅಂತ ಇನ್ನೊಂದು ಪ್ರಯೋಗ ಪ್ರಕಟಿಸಿದ್ದರು. ಚರ್ಮಕ್ಕೆ ಹಚ್ಚುವ ದುಬಾರಿ ದ್ರಾವಣ, ಔಷಧಿ ಸವರಿದ ಹೊಲಿಗೆ ದಾರ, ಎರಡನ್ನೂ ಪರೀಕ್ಷಿಸಿದರು. ಅಗ್ಗದ ಪೊವಿಡೋನ್ ಅಯೋಡಿನ್‌ಗಿಂತ, ಮಾಮೂಲಿ ದಾರಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ರೋಬೋಟ್ ಆಪರೇಷನ್ ಬಗ್ಗೆ ಪೇಪರಿನಲ್ಲಿ ಪುಟಗಟ್ಟಲೆ ಬರುತ್ತದೆ, ಒಂದು ಜೊತೆ ಗ್ಲೌಸ್ ಬಗ್ಗೆ ಯಾರು ಬರೀತಾರೆ ಹೇಳಿ!

ಇನ್ನೊಂದು: ಮನೆಯಲ್ಲಿ ಬ್ಲೇಡಿನಿಂದ ಹೊಟ್ಟೆ ಕೂದಲು ಬೋಳಿಸಿಕೊಂಡು ಬರಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲೇ ಸೋಂಕು ಹೊಕ್ಕುತ್ತದೆ. ಬೇಕಿದ್ದರೆ ಆಸ್ಪತ್ರೆಯಲ್ಲೇ ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ.

ತುಮಕೂರು_ಮಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜೊಲ್ಲು, ಪಿತ್ತದ ಮಾತು ಕೇಳಿ ದೊಡ್ಡಮ್ಮ ಸ್ವಲ್ಪ ತಣ್ಣಗಾದರು. ಆದರೆ ಅಮ್ಮನಿಗೆ ಶುಗರ್ ಇದೆ, ಮಾತ್ರೆ ತಗೋತಾರೆ. ಸಿಹಿನೀರು ಕೊಡಬಹುದಾ? ಮತ್ತೆ ಈ ಒಂದು ತಿಂಗಳು ಸುಮ್ನೆ ಕಾಯೋದಾ?

ಓಟಿ_ಸಿಸ್ಟರ್_ದಾವಣಗೆರೆ:

ಶುಗರ್ ಇದ್ದರೆ ನೀವಾಗಿ ನಿರ್ಧಾರ ಮಾಡಬೇಡಿ. ಕೆಲವರಿಗೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಅನಸ್ತೇಷಿಯಾ ಡಾಕ್ಟರ್ ಚೆಕಪ್‌ಗೆ ಕರೆಯುತ್ತಾರೆ, ಆಗ ನೇರ ಕೇಳಿ: ಸಿಹಿ ಪಾನೀಯವಾ, ಬರೀ ನೀರಾ, ಬೆಳಗಿನ ಮಾತ್ರೆ ಬಿಡಬೇಕಾ? ಉತ್ತರವನ್ನು ಹಾಳೆಯ ಮೇಲೇ ಬರೆಸಿಕೊಳ್ಳಿ. ಗಡ್ಡೆಯಿಂದ ಕರುಳಿನ ದಾರಿ ಕಟ್ಟಿದ್ದರಂತೂ ಈ ಎರಡು ಗಂಟೆ ಲೆಕ್ಕ ನಡೆಯುವುದಿಲ್ಲ.

ತಿಂಗಳು ವ್ಯರ್ಥ ಮಾಡಬೇಡಿ. ಯುರೋಪಿನ ಕೆಲವು ಆಸ್ಪತ್ರೆಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್‌ಗೆ ಕಾದಿದ್ದವರಿಗೆ ನಾಲ್ಕು ವಾರ ವ್ಯಾಯಾಮ, ಪ್ರೋಟೀನ್ ಊಟ, ಧೈರ್ಯದ ಮಾತು, ಸೇದುವವರಿಗೆ ಬಿಡಿಸಲು ಸಹಾಯ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು. 251 ಜನರಲ್ಲಿ, ತಯಾರಿ ಮಾಡಿದ ಗುಂಪಿನಲ್ಲಿ ಗಂಭೀರ ತೊಂದರೆ ನೂರಕ್ಕೆ 17, ಇನ್ನೊಂದರಲ್ಲಿ ಸುಮಾರು 30. ಚಿಕ್ಕ ಪ್ರಯೋಗ, ನಿಜ. ಆದರೆ ನಡೆಯೋಕೆ ದುಡ್ಡು ಬೇಕಾ?

ಬೆಳಗ್ಗೆ ಸಂಜೆ ಉಸಿರು ಸ್ವಲ್ಪ ಏರುವಷ್ಟು ನಡೆಸಿ. ದಿನಾ ಮೊಟ್ಟೆ, ಇಲ್ಲಾಂದ್ರೆ ಬೇಳೆ, ಮೊಸರು, ಪನೀರ್ ಜಾಸ್ತಿ ಮಾಡಿ. ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಕರುಳಿನ ಗಡ್ಡೆಯಲ್ಲಿ ರಕ್ತ ಸೋರಿ ಕಡಿಮೆಯಾಗಿರುವುದು ಸಾಮಾನ್ಯ, ಕಬ್ಬಿಣಾಂಶಕ್ಕೆ ಈಗಲೇ ಚಿಕಿತ್ಸೆ ಶುರುವಾದರೆ ಒಳ್ಳೆಯದು. ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಮೂರು ಚೆಂಡಿನ ಡಬ್ಬ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಈಗಲೇ ತಂದು ಅಭ್ಯಾಸ ಮಾಡಿಸಿ. ದೊಡ್ಡಮ್ಮನನ್ನೇ ಜೊತೆಗೆ ವಾಕಿಂಗ್ ಕಳಿಸಿ, ಜಗಳ ಮಾಡೋಕೆ ಅವರಿಗೆ ಉಸಿರು ಉಳಿಯಲ್ಲ.